ಪದ್ದು ಆರಿಸಿದ ಗ್ಲಾಸ್‌ವೂಲ್

ನಮ್ಮ ಕಡೆಯ ಜನ ಮನೆಯ ಮುಂಬಾಗಿಲಿನ ಕೆತ್ತನೆಗೆ ಆರು ತಿಂಗಳು ಯೋಚಿಸುತ್ತಾರೆ. ಮಾಡಿಗೆ, ಅಂದರೆ ಸೂರಿಗೆ, ಹಾಕುವ ಶೀಟಿನ ಬಗ್ಗೆ ಮಾತ್ರ ಆರು ನಿಮಿಷವೂ ಯೋಚಿಸುವುದಿಲ್ಲ. ಕೆಂಪೋ ನೀಲಿಯೋ ಎಂದು ಕೇಳುತ್ತಾರೆ, ಅಲ್ಲಿಗೆ ಮುಗಿಯಿತು. ಆಮೇಲೆ ಏಪ್ರಿಲ್‌ನಲ್ಲಿ ನನಗೆ ಫೋನು ಬರುತ್ತದೆ, ಒಳಗೆ ಕೂತರೆ ಬೇಯುತ್ತೇವೆ ಮಾರಾಯ್ರೆ, ಏನಾದರೂ ಮಾಡಿ ಎಂದು. ತಲ್ಲೂರಿನಲ್ಲಿ ನನ್ನ ಅಂಗಡಿ. ಹದಿನೆಂಟು ವರ್ಷದಿಂದ ತಗಡಿನ ಶೆಡ್ ಕಟ್ಟುತ್ತಿದ್ದೇನೆ. ಐದಾರು ವರ್ಷದಿಂದ ಅದೇ ಶೆಡ್ಡುಗಳ ಸೆಕೆ ಇಳಿಸುವ ಕೆಲಸವನ್ನೂ ಮಾಡುತ್ತಿದ್ದೇನೆ. ಮೊದಲು ಜನರನ್ನು ಬೇಯಿಸಿ ಆಮೇಲೆ ಆರಿಸುವವನು ಎಂದು ನನ್ನ ಹೆಂಡತಿ ಗೇಲಿ ಮಾಡುತ್ತಾಳೆ. ಅವಳು ಹೇಳುವುದರಲ್ಲಿ ಸುಳ್ಳಿಲ್ಲ.

ಹೋದ ವರ್ಷ ಹಾಗೆ ಫೋನು ಮಾಡಿದವರು ಬ್ರಹ್ಮಾವರದ ಸ್ನೇಹಲತಾ. ಪೇಟೆಯಿಂದ ಒಂದು ಕಿಲೋಮೀಟರ್ ಒಳಗೆ ಅವರ ಹೊಲಿಗೆ ಶೆಡ್ ಇದೆ. ಎಂಟು ಮಂದಿ ಹೆಂಗಸರು ಸೇರಿ ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಾರೆ. ಶಾಲೆ ಶುರುವಾಗುವ ಮೊದಲು ಬಟ್ಟೆ ಕೊಡಬೇಕು, ಹಾಗಾಗಿ ಅವರ ಗಡಿಬಿಡಿಯೆಲ್ಲ ಸರಿಯಾಗಿ ಸೆಕೆಯ ಎರಡು ತಿಂಗಳಲ್ಲೇ ಬೀಳುತ್ತದೆ.

"ಅಶೋಕಣ್ಣ, ನಿನ್ನೆ ಬಾಗಿಯಕ್ಕ ಮಿಷನ್ ಮೇಲೇ ತಲೆ ಹಾಕಿ ಬಿದ್ದ್ ಹೋದ್ರ್" ಎಂದರು ಸ್ನೇಹಲತಾ. "ಇನ್ನ್ ತಡಿಯುಕೆ ಆತ್ತಿಲ್ಲೆ. ಮಾಡಿನ ಅಡಿಗೆ ಎಂತ ಹಾಕ್ಕ್, ನೀವೇ ಬಂದ್ ಕಾಣಿ."

"ನಾಳೆ ಬತ್ತೆ" ಎಂದೆ.

ಬೈಕು ಗ್ಯಾರೇಜಿನಲ್ಲಿತ್ತು. ಮಾದರಿ ತುಂಡುಗಳನ್ನೆಲ್ಲ ಒಂದು ಗೋಣಿಗೆ ತುಂಬಿ ಬಸ್ಸು ಹತ್ತಿದೆ. "ಎಂತ ಅಣ್ಣ, ಹಾಸಿಗೆ ತಕಂಡ್ ಹೊರಟದ್ದಾ?" ಎಂದ ಕಂಡಕ್ಟರ್. ಹೌದು, ತಗಡಿಗೆ ಹಾಸಿಗೆ ಎಂದೆ. ಅವನಿಗೆ ಅರ್ಥವಾಗಲಿಲ್ಲ, ಗೋಣಿಗೂ ಅರ್ಧ ಟಿಕೆಟು ಹರಿಯುತ್ತೇನೆ ಎಂದು ಹೆದರಿಸಿ ಮುಂದೆ ಹೋದ.

ಶೆಡ್ಡಿಗೆ ಕಾಲಿಟ್ಟಾಗ ಮಧ್ಯಾಹ್ನ ಒಂದು ಗಂಟೆ. ದೂರದಿಂದಲೇ ಶಾಖ ಅಳೆಯುವ ಪಿಸ್ತೂಲಿನಂಥ ಒಂದು ಉಪಕರಣ ನನ್ನ ಹತ್ತಿರ ಇದೆ. ಅದನ್ನು ಮಾಡಿನ ತಗಡಿಗೆ ಹಿಡಿದರೆ ಅರವತ್ತೆರಡು ಡಿಗ್ರಿ ತೋರಿಸಿತು. ಮೂಲೆಯಲ್ಲಿ ಇಸ್ತ್ರಿ ಮೇಜು. ಮೇಲಿನಿಂದ ತಗಡಿನ ಕಾವು, ಕೆಳಗಿನಿಂದ ಇಸ್ತ್ರಿಪೆಟ್ಟಿಗೆಯ ಕಾವು, ನಡುವೆ ಒಬ್ಬ ಹೆಂಗಸು. ಮೂವತ್ತನಾಲ್ಕು ಮೂವತ್ತೈದರ ಪ್ರಾಯ, ಎಡಗೈ ಮಣಿಕಟ್ಟಿನ ತುಂಬ ಹಳೆಯ ಸುಟ್ಟ ಗೆರೆಗಳು. ನಾನು ಹತ್ತಿರ ಹೋಗಿ "ಇಲ್ಲಿ ಸೆಕೆ ಜಾಸ್ತಿ ಉಂಟಾ?" ಎಂದು ಕೇಳಿದೆ. ಅವಳು ನನ್ನ ಬಾಯಿಯನ್ನೇ ನೋಡಿ, ಕೈಯಲ್ಲಿದ್ದ ಪಿಸ್ತೂಲನ್ನು ಕಿತ್ತುಕೊಂಡಳು. ಇಸ್ತ್ರಿಪೆಟ್ಟಿಗೆಗೆ ಹಿಡಿದಳು, ಮಿಷನ್ ಮೇಲೆ ಬಿದ್ದಿದ್ದ ಬಾಗಿಯ ಹಣೆಗೆ ಹಿಡಿದಳು, ಕೊನೆಗೆ ನನ್ನ ಬೋಳು ತಲೆಗೆ ಹಿಡಿದು ಅಂಕೆಯನ್ನು ಎಲ್ಲರಿಗೂ ತೋರಿಸಿದಳು. ಎಂಟೂ ಮಂದಿ ನಕ್ಕರು.

"ಅದ್ ಪದ್ದು. ಅದ್ಕೆ ಕೆಮಿ ಕೇಂತಿಲ್ಲೆ, ಮಾತೂ ಇಲ್ಲೆ. ಬೇಜಾರ್ ಮಾಡ್ಕಂಬೇಡಿ" ಎಂದರು ಸ್ನೇಹಲತಾ, ತಮ್ಮ ಕಿವಿ ಮುಟ್ಟಿ ತೋರಿಸುತ್ತ.

ಪದ್ದು ಅಂಗೈಯಿಂದ ತನ್ನ ನೆತ್ತಿಯನ್ನು ಒಮ್ಮೆ ಸವರಿ ನನ್ನ ಕಡೆ ಬೊಟ್ಟು ಮಾಡಿದಳು. ಅಂದಿನಿಂದ ಆ ಶೆಡ್ಡಿನಲ್ಲಿ ನನ್ನ ಹೆಸರು ಅದೇ.

ನಾನು ಮಾದರಿಗಳನ್ನು ಕತ್ತರಿಸುವ ಮೇಜಿನ ಮೇಲೆ ಹರಡಿದೆ. ಥರ್ಮೋಕೋಲ್ ಅಗ್ಗ, ಆದರೆ ಇಲಿ ಇರುವೆಗಳಿಗೆ ಬಾಡಿಗೆ ಇಲ್ಲದ ಮನೆ. ಎರಡೂ ಬದಿ ಬೆಳ್ಳಿ ಬಣ್ಣ ಇರುವ ಬಬಲ್ ಶೀಟು ಬಿಸಿಲ ಕಾವನ್ನು ಬಂದ ಹಾಗೆ ಹಿಂದೆ ಕಳಿಸುತ್ತದೆ. ಮೂರನೆಯದು ಎರಡು ಇಂಚು ದಪ್ಪದ ಗ್ಲಾಸ್‌ವೂಲ್. ಗಾಜಿನ ಎಳೆಗಳ ಹಳದಿ ಹತ್ತಿ, ಕೆಳಗಡೆಗೆ ಬೆಳ್ಳಿ ಕಾಗದ ಅಂಟಿಸಿರುತ್ತಾರೆ. ಅದು ಕಾವನ್ನೂ ತಡೆಯುತ್ತದೆ, ಸದ್ದನ್ನೂ ನುಂಗುತ್ತದೆ. ಇನ್ನು ಚಳಿಗಾಲದ ಬೆಳಿಗ್ಗೆ ತಗಡು ಬೆವರಿ ತುಕ್ಕಿನ ಹನಿ ಬಿಳಿ ಅಂಗಿಗಳ ಮೇಲೆ ಬೀಳುವುದೂ ನಿಲ್ಲುತ್ತದೆ ಎಂದೆ. ಸ್ನೇಹಲತಾ ಮೂರನ್ನೂ ಮುಟ್ಟಿ ಮುಟ್ಟಿ ನೋಡಿದರು, ತೀರ್ಮಾನಕ್ಕೆ ಬರಲಿಲ್ಲ.

ತೀರ್ಮಾನ ಮಾಡಿದ್ದು ಪದ್ದು. ಮೂರು ತುಂಡುಗಳನ್ನು ಎತ್ತಿಕೊಂಡು ಇಸ್ತ್ರಿ ಮೇಜಿಗೆ ಹೋದಳು. ಥರ್ಮೋಕೋಲಿನ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟಳು, ಅದು ಕರಗಿ ಹಳ್ಳ ಬಿತ್ತು. ಬಬಲ್ ಶೀಟಿನ ಮೇಲೆ ಇಟ್ಟಳು, ಗುಳ್ಳೆಗಳೆಲ್ಲ ಒಡೆದು ಕಮಟು ವಾಸನೆ ಎದ್ದಿತು. ಗ್ಲಾಸ್‌ವೂಲನ್ನು ಮಾತ್ರ ತನ್ನ ಎಡ ಅಂಗೈ ಮೇಲೆ ಹರಡಿ, ಅದರ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟುಕೊಂಡು ನಿಂತಳು. ಅವಳು ನಿಧಾನವಾಗಿ ಹತ್ತು ಎಣಿಸುವಷ್ಟು ಹೊತ್ತು ನಿಂತು, ಅಂಗೈ ತೋರಿಸಿದಳು. ಏನೂ ಆಗಿರಲಿಲ್ಲ. ಗ್ಲಾಸ್‌ವೂಲನ್ನು ತಂದು ನನ್ನ ಎದುರು ಇಟ್ಟಳು.

ಇಲ್ಲಿ ನನ್ನ ಒಂದು ಕಳ್ಳತನ ಹೇಳಿಬಿಡಬೇಕು. ಆ ಪರೀಕ್ಷೆ ಸರಿಯಲ್ಲ ಎಂದು ನನಗೆ ಗೊತ್ತಿತ್ತು. ತಗಡು ಎಷ್ಟು ಕಾದರೂ ಇಸ್ತ್ರಿಪೆಟ್ಟಿಗೆಯಷ್ಟು ಕಾಯುವುದಿಲ್ಲ. ಬಬಲ್ ಶೀಟು ಮುಟ್ಟಿಸಿ ನೋಡುವ ವಸ್ತುವೂ ಅಲ್ಲ, ತಗಡಿನಿಂದ ನಾಲ್ಕು ಬೆರಳು ಕೆಳಗೆ ಎಳೆದು ಕಟ್ಟಿದರೆ ಆ ಶೆಡ್ಡಿಗೆ ಅದೇ ಸಾಕಾಗುತ್ತಿತ್ತು. ಸೆಕೆ ಇಳಿಯುತ್ತಿತ್ತು, ಮಳೆಯ ಸದ್ದು ಮಾತ್ರ ಮೊದಲಿನ ಹಾಗೇ ಇರುತ್ತಿತ್ತು. ಆದರೆ ನನಗೆ ಹೆಚ್ಚು ದುಡ್ಡು ಸಿಗುವ ಗ್ಲಾಸ್‌ವೂಲ್ ಕೆಲಸ ಬೇಕಿತ್ತು. ಗಿರಾಕಿಯೇ ಆರಿಸಿರುವಾಗ ನಾನೇಕೆ ಬಾಯಿ ಬಿಡಲಿ ಎಂದು ಸುಮ್ಮನಿದ್ದೆ. "ಕಾಣಿ ಸ್ನೇಹಕ್ಕ, ಇದ್ ಹಾಕಿರೆ ಮಳೆ ಬಂದದ್ದೇ ಗೊತ್ತಾತ್ತಿಲ್ಲೆ" ಎಂದು ಮೇಲೊಂದು ಒಗ್ಗರಣೆ ಕೂಡ ಹಾಕಿದೆ.

ಮೇ ತಿಂಗಳಲ್ಲಿ ಕೆಲಸ ಮಾಡಿದೆವು. ಹಗಲು ಹೊಲಿಗೆ ನಿಲ್ಲಿಸುವ ಹಾಗಿಲ್ಲ ಎಂದು ಭಾನುವಾರ ಮತ್ತು ಬೆಳಗಿನ ಹೊತ್ತಿನಲ್ಲಿ ತುಂಡು ತುಂಡಾಗಿ ಎಂಟು ದಿನ ಹಿಡಿಯಿತು. ಆ ದಿನಗಳಲ್ಲಿ ಚಾ ಕುಡಿಯುತ್ತ ಕೂತಾಗ ಬಾಗಿ ಪದ್ದುವಿನ ಕಥೆ ಹೇಳಿದರು. ಬಾಗಿಯ ಬಾಯಿಗೆ ಬಿಡುವು ಎಂಬುದಿಲ್ಲ, ಬಿದ್ದು ಎದ್ದ ಮರುದಿನವೂ ಇರಲಿಲ್ಲವಂತೆ.

ಪದ್ದು ಕೆರಾಡಿಯವಳು. ಕಾಡಿನ ಬದಿಯ ಮನೆ, ನಾಲ್ಕು ಮಕ್ಕಳಲ್ಲಿ ಮೂರನೆಯವಳು. ಎರಡು ವರ್ಷದವಳಿದ್ದಾಗ ಜ್ವರ ಬಂದು ಕಿವಿ ಹೋಯಿತು. ಕಿವಿ ಹೋದದ್ದು ಮನೆಯವರಿಗೆ ಗೊತ್ತಾಗಲು ಮತ್ತೂ ಎರಡು ವರ್ಷ ಬೇಕಾಯಿತು. ಅಲ್ಲಿಯವರೆಗೆ ಕರೆದರೆ ಬಾರದ ಹಟಮಾರಿ ಎಂದು ಪೆಟ್ಟು ತಿಂದಳು. ಶಾಲೆಗೆ ಹೋದದ್ದು ಒಂದೇ ವಾರ. ತಾಯಿ ಕೈಯಲ್ಲಿ ಆರೇಳು ಮಾತು ಮಾಡಿಕೊಂಡಿದ್ದರು. ಅನ್ನ, ದನ, ಹಾವು, ಬಾ, ಬೇಡ, ಮಲಗು. ಇಪ್ಪತ್ತು ದಾಟುವ ತನಕ ಅಷ್ಟೇ ಮಾತಿನಲ್ಲಿ ಬದುಕಿದಳು. ಅಕ್ಕನನ್ನು ಬ್ರಹ್ಮಾವರಕ್ಕೆ ಮದುವೆ ಮಾಡಿ ಕೊಟ್ಟ ಮೇಲೆ, ಅಕ್ಕನ ಬಾಣಂತನಕ್ಕೆಂದು ಬಂದವಳು ಇಲ್ಲೇ ಉಳಿದಳು. ಸ್ನೇಹಲತಾ ಮೊದಲು ಗುಂಡಿ ಹಾಕಲು ಕೂರಿಸಿದರು. ಕೆಲಸ ಚೊಕ್ಕ ಇತ್ತು. ಹಿಂದಿದ್ದ ಇಸ್ತ್ರಿಯವಳು ಸೆಕೆ ತಡೆಯದೆ ಬಿಟ್ಟು ಹೋದಾಗ ಆ ಮೇಜು ಪದ್ದುವಿನ ಪಾಲಿಗೆ ಬಂತು. ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ ಅಂಗಿ ಬದಲಿಸಿಕೊಂಡು ನಿಲ್ಲುತ್ತಿದ್ದಳಂತೆ, ಒಂದು ದಿನವೂ ರಜೆ ಕೇಳಿದವಳಲ್ಲ.

"ಅದ್ರ್ ಬಾಯಿ ಕಾಂಬುದಾದ್ರೆ ಮಳೆಗಾಲದಗೆ ಬರ್ಕ್ ನೀವ್" ಎಂದರು ಬಾಗಿ. "ಮಳೆ ಹೊಯ್ದ್ರೆ ಈ ತಗಡಿನ ಅಡಿಗೆ ಒಬ್ರ ಮಾತ್ ಒಬ್ರಿಗೆ ಕೇಂತಿಲ್ಲೆ. ನಾವೆಲ್ಲ ಪದ್ದು ಹಾಂಗೆ ಕೈಯಗೇ ಮಾತಾಡುದ್. ಅದೇ ನಮ್ಗೆ ಕಲಿಸಿದ್ದ್."

ನೂಲು ಮುಗಿಯಿತು, ಗುಂಡಿ ಕೊಡು, ಚಾ ಬಂತು ಎಂದು ಶುರುವಾದದ್ದಂತೆ. ಏಳು ಮಳೆಗಾಲ ಕಳೆಯುವಷ್ಟರಲ್ಲಿ ಅತ್ತೆ ಸೊಸೆ ಜಗಳ, ಬಸ್ಸಿನ ಕಂಡಕ್ಟರನ ಮೀಸೆ, ಯಾರ ಮನೆಗೆ ಯಾರು ಹೆಣ್ಣು ನೋಡಲು ಬಂದರು ಎನ್ನುವುದೆಲ್ಲ ಕೈಯಲ್ಲೇ ನಡೆಯುತ್ತಿತ್ತು. ಆ ಭಾಷೆಯಲ್ಲಿ ಪದ್ದುವೇ ಪಂಡಿತೆ. ಬಾಗಿಯ ನಡಿಗೆಯನ್ನು ಅವಳು ಎರಡು ಬೆರಳಿನಲ್ಲಿ ಮಾಡಿ ತೋರಿಸಿದರೆ ಹೊಲಿಗೆ ನಿಲ್ಲುವಷ್ಟು ನಗು. ಮಳೆ ಕಡಿಮೆಯಾಗುತ್ತಿದ್ದ ಹಾಗೆ ಎಲ್ಲರ ಬಾಯಿ ಬರುತ್ತಿತ್ತು, ಕೈಗಳು ಮಿಷನ್ನಿಗೆ ಮರಳುತ್ತಿದ್ದವು. ನಾನು ಏಣಿ ಹತ್ತಿ ಹಳದಿ ಹತ್ತಿಗೆ ಜಾಲರಿ ಬಿಗಿಯುತ್ತ ಇದನ್ನೆಲ್ಲ ಕೇಳಿದೆ. ನಾನು ಬಿಗಿಯುತ್ತಿರುವುದು ಏನನ್ನು ಎಂದು ತಲೆಗೆ ಹೊಳೆಯಲಿಲ್ಲ. ಬಾಗಿಗೂ ಹೊಳೆಯಲಿಲ್ಲ.

ಕೆಲಸ ಮುಗಿದ ದಿನ ಅದೇ ಒಂದು ಗಂಟೆಯ ಬಿಸಿಲಿಗೆ ಅಳೆದೆವು. ಬೆಳ್ಳಿ ಕಾಗದದ ಕೆಳಮೈ ಮೂವತ್ತಾರು ಡಿಗ್ರಿ. ಪದ್ದು ಪಿಸ್ತೂಲು ಹಿಡಿದು ಮಾಡಿನ ಉದ್ದಕ್ಕೂ ನಡೆದು ಪ್ರತಿ ಮೂಲೆಯ ಅಂಕೆ ನೋಡಿ ಬಂದಳು. ನನಗೆ ಚಾ ತಂದು ಕೊಟ್ಟವಳೂ ಅವಳೇ. ನನಗೆ ಹೆಮ್ಮೆಯಾಗಿತ್ತು, ಇಲ್ಲ ಎಂದರೆ ಸುಳ್ಳಾಗುತ್ತದೆ.

ಜೂನ್ ಮೂರನೇ ವಾರ ಸ್ನೇಹಲತಾ ಮತ್ತೆ ಫೋನು ಮಾಡಿದರು. "ಅಶೋಕಣ್ಣ, ಒಂದ್ಸಲ ಬಂದ್ ಹೋಯಿನಿ. ಮಾಡಿನ ವಿಷಯ." ಸೋರುತ್ತಿದೆ ಎಂದುಕೊಂಡೆ. ಗ್ಲಾಸ್‌ವೂಲ್ ಒಮ್ಮೆ ನೀರು ಕುಡಿದರೆ ಕಿತ್ತು ಎಸೆಯುವುದೊಂದೇ ದಾರಿ. ಟೇಪು, ಗಮ್ಮು ಎಲ್ಲ ಹಿಡಿದು ಸುರಿಯುವ ಮಳೆಯಲ್ಲಿ ಹೋದೆ. ಎಲ್ಲೂ ಒಂದು ಹನಿ ಇಲ್ಲ. ಹೊರಗೆ ಜಡಿಮಳೆ, ಒಳಗೆ ಎಲ್ಲೋ ದೂರದಲ್ಲಿ ಭತ್ತ ಸುರುವಿದಷ್ಟೇ ಸದ್ದು. ಹೆಂಗಸರು ಮಿಷನ್ ತುಳಿಯುತ್ತ ಆರಾಮವಾಗಿ ಮಾತಾಡಿಕೊಂಡಿದ್ದರು. ಪದ್ದು ಬೆನ್ನು ಹಾಕಿ ಇಸ್ತ್ರಿ ಮಾಡುತ್ತಿದ್ದಳು. ನನ್ನನ್ನು ಕಂಡರೂ ನೆತ್ತಿ ಸವರಲಿಲ್ಲ.

ಸ್ನೇಹಲತಾ ನನ್ನನ್ನು ಮೂಲೆಗೆ ಕರೆದರು. ಮಳೆಗಾಲಕ್ಕೆ ಪದ್ದು ಮಾಡುವ ಸಂಜ್ಞೆಯನ್ನು ಮಾಡಿ ತೋರಿಸಿದರು. ಬೆರಳುಗಳನ್ನು ಮೇಲಿನಿಂದ ಕೆಳಗೆ ಉದುರಿಸುವುದು, ಆಮೇಲೆ ಎರಡೂ ಅಂಗೈಗಳನ್ನು ಎದುರು ಬದುರು ಹಿಡಿದು ಆಡಿಸುವುದು. ಉದುರಿಸುವುದು ಮಳೆ ಎಂದು ಎಲ್ಲರಿಗೂ ಗೊತ್ತಿತ್ತು. ಎರಡನೆಯದು ಅವಳ ಒಂದು ವಯ್ಯಾರ ಎಂದುಕೊಂಡಿದ್ದರು. "ಅದ್ ವಯ್ಯಾರ ಅಲ್ದಂಬ್ರ್. ಅದ್ ಮಾತ್. ಮಳೆ ಬಪ್ಪ ಕಾಲದಗೆ ಜನ ಕೈಯಗೆ ಮಾತಾಡೂದ್ ಅಂತ್ಲೇ ತಿಳ್ಕಂಡಿತ್ತ್ ಅದ್. ಇಷ್ಟ್ ವರ್ಷವೂ" ಎಂದರು.

ಮಳೆಗೆ ಸದ್ದಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳುವುದಾದರೂ ಹೇಗೆ? ಹಬ್ಬಕ್ಕೆ ಹೊಸ ಬಟ್ಟೆ ಹಾಕುವ ಹಾಗೆ, ಮಳೆಗೆ ಜನ ಕೈಮಾತು ಆಡುತ್ತಾರೆ ಎಂದು ಅವಳು ನಂಬಿದ್ದಳು. ಈ ಸಲವೂ ಮಳೆ ಬಂತು. ಅವಳು ಕೈ ಎತ್ತಿ ಬಾಗಿಗೆ ಏನೋ ಹೇಳಿದಳು. ಬಾಗಿ ತಲೆಯಾಡಿಸಿ, ಪಕ್ಕದವರ ಜೊತೆ ಬಾಯಲ್ಲಿ ಹರಟೆ ಮುಂದುವರಿಸಿದರು. ಮೂರು ದಿನ ಕಾದಳು. ನಾಲ್ಕನೆಯ ದಿನದಿಂದ ಬುತ್ತಿ ತೆಗೆದುಕೊಂಡು ಒಬ್ಬಳೇ ಕೂರತೊಡಗಿದಳು. ಮಳೆ ಬಂದರೂ ಯಾರೂ ಯಾಕೆ ಕೈಮಾತು ಆಡುತ್ತಿಲ್ಲ, ತಾನು ಏನು ತಪ್ಪು ಮಾಡಿದೆ, ಯಾಕೆ ಎಲ್ಲರಿಗೂ ತನ್ನ ಮೇಲೆ ಸಿಟ್ಟು ಎಂದು ಹಿಂದಿನ ಸಂಜೆ ಸ್ನೇಹಲತಾ ಅವರನ್ನು ಕೇಳಿದ್ದಳು.

"ನಂಗೆ ಹೇಳುಕೆ ಬಂದಿಲ್ಲೆ. ನೀವ್ ಇದನ್ನ ತೆಗಿರಿ ಅಶೋಕಣ್ಣ" ಎಂದರು ಸ್ನೇಹಲತಾ.

ನನಗೆ ರೇಗಿತು. ಎಂಟು ದಿನ ಕುತ್ತಿಗೆ ಎತ್ತಿ ಮಾಡಿದ ಕೆಲಸ, ಮೈ ಕೈ ತುರಿಸಿ ತುರಿಸಿ ಹಾಕಿದ ಹತ್ತಿ. "ನಾನ್ ಮಾಡ್ ಮಾಡುವವ ಅಕ್ಕ, ಮನಸ್ಸ್ ರಿಪೇರಿ ಮಾಡುವವ ಅಲ್ಲ" ಎಂದು ಒರಟಾಗಿಯೇ ಹೇಳಿದೆ. ಹೇಳಿ ತಿರುಗಿದರೆ ಪದ್ದು ನಮ್ಮಿಬ್ಬರ ಬಾಯಿಗಳನ್ನೇ ನೋಡುತ್ತ ನಿಂತಿದ್ದಳು. ತನ್ನ ವಿಷಯವೇ ಎಂದು ಅವಳಿಗೆ ಗೊತ್ತಾಗಿತ್ತು. ನನ್ನ ಸಿಟ್ಟು ಕಂಡು ಇನ್ನೂ ಮುದುಡಿದಳು. ಆಗ ನನಗೆ ನಾಚಿಕೆಯಾಯಿತು.

ಶೆಡ್ಡಿನ ಪಕ್ಕದಲ್ಲಿ ಸ್ಕೂಟರ್ ನಿಲ್ಲಿಸಲು ಬರೀ ತಗಡಿನ ಒಂದು ಇಳಿಮಾಡು ಇದೆ. ಪದ್ದು, ಸ್ನೇಹಲತಾ, ಬಾಗಿ ಮೂವರನ್ನೂ ಅಲ್ಲಿಗೆ ಕರೆದುಕೊಂಡು ಹೋದೆ. ಮಳೆ ಅಲ್ಲಿ ಕಿವಿ ಒಡೆಯುವಂತೆ ಬಡಿಯುತ್ತಿತ್ತು. ಪದ್ದುವಿನ ಕೈ ಹಿಡಿದು ಕಬ್ಬಿಣದ ಕಂಬಕ್ಕೆ ಒತ್ತಿದೆ. ಕಂಬ ನಡುಗುತ್ತಿತ್ತು, ಅವಳು ಥಟ್ಟನೆ ತಲೆಯೆತ್ತಿ ತಗಡನ್ನು ನೋಡಿದಳು. ಆಮೇಲೆ ನಾನು ಹತ್ತು ಅಡಿ ದೂರ ನಿಂತು ಕಿರುಚಿದೆ: "ಸ್ನೇಹಕ್ಕ, ಊಟ ಆಯ್ತಾ?" ಸ್ನೇಹಲತಾ ಕಿವಿಗೆ ಕೈ ಹಿಡಿದು ಇಲ್ಲವೆಂದು ತಲೆಯಾಡಿಸಿದರು. ಬಾಗಿಯನ್ನು ಕೇಳಿದೆ, ಅವರಿಗೂ ಕೇಳಲಿಲ್ಲ. ಒಳಗೆ ಹೋಗಿ ಅದನ್ನೇ ಮೆಲ್ಲಗೆ ಕೇಳಿದೆ, ಬಾಗಿ ಹೊಟ್ಟೆ ತಟ್ಟಿ ಉತ್ತರ ಹೇಳಿದರು. ಮತ್ತೆ ಹೊರಗೆ, ಮತ್ತೆ ಒಳಗೆ. ಮೂರನೆಯ ಸಲ ಪದ್ದು ಬಾಗಿಲಲ್ಲೇ ನಿಂತುಬಿಟ್ಟಳು.

ಬಾಗಿಯ ಕಡೆ, ಸ್ನೇಹಲತಾ ಕಡೆ, ಒಳಗೆ ಕೂತ ಒಬ್ಬೊಬ್ಬರ ಕಡೆ ಬೊಟ್ಟು ಮಾಡಿದಳು. ಆಮೇಲೆ ತನ್ನ ಎರಡೂ ಕಿವಿಗಳನ್ನು ಅಂಗೈಯಲ್ಲಿ ಮುಚ್ಚಿ ಹುಬ್ಬು ಏರಿಸಿದಳು.

"ಮಳೆ ಬಂದ್ರೆ ನಿಮ್ಗೂ ಕೆಮಿ ಹೋತಾ, ಅಂತ್ ಕೇಳೂದ್ ಅದ್" ಎಂದರು ಸ್ನೇಹಲತಾ. ಹೌದೆಂದು ಅವಳಿಗೆ ತಲೆಯಾಡಿಸಿದರು.

ಪದ್ದು ಎರಡು ಅಂಗೈ ಎದುರು ಬದುರು ಆಡಿಸಿ, ತನ್ನ ಎದೆ ಮುಟ್ಟಿ, ಇಲ್ಲವೆಂದು ಕೈ ಆಡಿಸಿದಳು. ಇದನ್ನು ಸ್ನೇಹಲತಾ ಬಿಡಿಸಿ ಹೇಳಲಿಲ್ಲ. ಆ ಕೈಮಾತು ತನಗೋಸ್ಕರ ಆಗಿರಲಿಲ್ಲ ಎಂದು ಅವಳು ಹೇಳಿದ್ದು ನನಗೂ ಅರ್ಥವಾಯಿತು. ಬಾಗಿ ಸೆರಗಿನಿಂದ ಮೂಗು ಒರೆಸಿಕೊಂಡರು.

"ತೆಗಿತೆ ಅಕ್ಕ. ನಾಳೆಯೇ ಬಂದ್ ತೆಗಿತೆ" ಎಂದೆ. ಮಾಡಿನ ಕಡೆ ಕೈ ತೋರಿಸಿ, ಜಾಲರಿ ಕಿತ್ತು ಎಳೆಯುವ ಹಾಗೆ ಪದ್ದುವಿಗೂ ಮಾಡಿ ತೋರಿಸಿದೆ. ಅವಳು ನನ್ನ ಕೈಯನ್ನು ಹಿಡಿದು ಕೆಳಗಿಳಿಸಿದಳು. ತನ್ನ ಹಣೆಯಿಂದ ಬೆವರು ತೆಗೆದು ನೆಲಕ್ಕೆ ಸಿಡಿಸುವ ಹಾಗೆ ಮಾಡಿದಳು, ಬಾಗಿ ಮಿಷನ್ ಮೇಲೆ ಬಿದ್ದ ರೀತಿಯನ್ನು ತೋರಿಸಿದಳು, ಬೇಡ ಎಂದು ತಲೆಯಾಡಿಸಿದಳು. ಕೆರಾಡಿಯ ತಾಯಿ ಕಲಿಸಿದ ಅದೇ ಬೇಡ ಇರಬೇಕು. ಹೋಗಿ ಇಸ್ತ್ರಿಪೆಟ್ಟಿಗೆ ಹಿಡಿದವಳು ನಾನು ಹೊರಡುವ ತನಕ ತಲೆ ಎತ್ತಲಿಲ್ಲ.

ಬಬಲ್ ಶೀಟಿನ ವಿಷಯವನ್ನು ನಾನು ಅಲ್ಲಿ ಇಂದಿಗೂ ಹೇಳಿಲ್ಲ. ಹೇಳಬೇಕೆಂದು ಬಾಯಿಗೆ ಬರುತ್ತದೆ, ಅಲ್ಲಿಗೇ ನಿಲ್ಲುತ್ತದೆ. ಆದರೆ ಈಗ ಯಾವ ಗಿರಾಕಿ ಬಂದರೂ ಮೊದಲು ಕೇಳುತ್ತೇನೆ, ಆ ಮಾಡಿನ ಅಡಿಯಲ್ಲಿ ಯಾರು ಯಾರು ಕೂರುತ್ತಾರೆ, ಮಳೆ ಬಂದಾಗ ಏನು ಮಾಡುತ್ತಾರೆ ಎಂದು. ಶೀಟು ಕೊಳ್ಳಲು ಬಂದವರಿಗೆ ಇವನಿಗೇಕೆ ಈ ಉಸಾಬರಿ ಅನ್ನಿಸುತ್ತದೆ.

ಜುಲೈ ಕೊನೆಗೆ ಒಂದು ಕಡೆ ಟೇಪು ಸಡಿಲವಾಗಿದೆ ಎಂದು ಮತ್ತೆ ಹೋಗಬೇಕಾಯಿತು. ಎರಡು ದಿನದಿಂದ ಮಳೆ ಬಿಟ್ಟಿತ್ತು. ಏಣಿಯ ಮೇಲೆ ನಿಂತು ಟೇಪು ಒತ್ತುತ್ತಿದ್ದೆ. ಮಿಷನ್ನುಗಳ ಗರಗರ ಬಿಟ್ಟರೆ ಶೆಡ್ಡಿನಲ್ಲಿ ಬೇರೆ ಸದ್ದಿರಲಿಲ್ಲ, ಬಾಗಿಯ ಬಾಯಿ ಕೂಡ ಬಂದಾಗಿತ್ತು. ಮೈ ಸರಿ ಇಲ್ಲವೇನೋ ಎಂದು ಕೆಳಗೆ ನೋಡಿದೆ. ಅವರು ಹೊಲಿಗೆ ಬಿಟ್ಟು, ಇಸ್ತ್ರಿ ಮೇಜಿನ ಕಡೆ ತಿರುಗಿ ಕೂತು, ಪದ್ದು ತಲೆ ಎತ್ತುವುದನ್ನೇ ಕಾಯುತ್ತಿದ್ದರು. ಎತ್ತಿದಳು. ಬಾಗಿ ಕೈಯಲ್ಲಿ ಕೇಳಿದರು, ಇವತ್ತು ಬುತ್ತಿಗೆ ಪದಾರ್ಥ ಎಂತದ್ದು ಎಂದು. ಅಷ್ಟು ನನಗೂ ತಿಳಿಯಿತು.

ಪದ್ದು ಉತ್ತರ ಹೇಳಲಿಲ್ಲ. ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಬಾಗಿಲ ಹತ್ತಿರ ಹೋಗಿ, ಹೊರಗೆ ಮಳೆ ಬರುತ್ತಿದೆಯೇ ಎಂದು ನೋಡಿದಳು. ಅಂಗಳದಲ್ಲಿ ಬಿಸಿಲಿತ್ತು. ಅಂಗೈ ಚಾಚಿಯೂ ನೋಡಿದಳು, ಒಂದು ಹನಿಯೂ ಬೀಳಲಿಲ್ಲ. ಆಮೇಲೆ ಬಾಗಿಯ ಎದುರಿಗೆ ಬಂದು ನಿಂತು, ಒಣ ಸೀಗಡಿಯ ಚಟ್ಲಿ ಚಟ್ನಿಯನ್ನು ಹುರಿಯುವುದರಿಂದ ಶುರು ಮಾಡಿ ಅರೆಯುವ ತನಕ ಎರಡೂ ಕೈಯಲ್ಲಿ ಹೇಳತೊಡಗಿದಳು.